ಹದಿಹರೆಯದವರ ಖಿನ್ನತೆಗೆ ಆನ್‌ಲೈನ್ ಥೆರಪಿ: ಮನೆಯವರು ಮಾಡಬೇಕಾದದ್ದು, ಮಾಡಬಾರದ್ದು

ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ಮಗಳು ಎಷ್ಟೋ ದಿನಗಳಿಂದ ಮಂಕಾಗಿದ್ದಾಳೆ, ಆಸ್ಪತ್ರೆಗೆ ಹೋಗೋಣ ಎಂದರೆ ಒಪ್ಪುವುದಿಲ್ಲ, ವಿಡಿಯೊ ಕರೆಯಲ್ಲಾದರೆ ಮಾತನಾಡುತ್ತೇನೆ ಎನ್ನುತ್ತಾಳೆ, ಅದರಿಂದ ಪ್ರಯೋಜನ ಇದೆಯೇ, ಇದ್ದರೆ ಎಲ್ಲಿಂದ ಶುರು ಮಾಡಬೇಕು?

ಪ್ರಯೋಜನ ಇದೆ. ವಿಡಿಯೊ ಮೂಲಕ ನಡೆಸುವ ಮಾತಿನ ಚಿಕಿತ್ಸೆ ಖಿನ್ನತೆಯಲ್ಲಿ ಎದುರು ಕುಳಿತು ನಡೆಸುವ ಚಿಕಿತ್ಸೆಯಷ್ಟೇ ಕೆಲಸ ಮಾಡಬಲ್ಲದು ಎಂದು ಹಲವು ಅಧ್ಯಯನಗಳು ತೋರಿಸಿವೆ. ಅವುಗಳಲ್ಲಿ ಹೆಚ್ಚಿನವು ದೊಡ್ಡವರ ಮೇಲೆ ನಡೆದವು ಎಂಬುದನ್ನು ಮಾತ್ರ ನೆನಪಿಡಿ. ಹದಿಹರೆಯದವರ ವಿಷಯದಲ್ಲಿ ಒಂದು ಸಂಗತಿ ಬೇರೆ. ಅವರು ವಾಸಿಸುವುದು ಬೇರೆಯವರ ಮನೆಯಲ್ಲಿ, ಅಂದರೆ ನಿಮ್ಮ ಮನೆಯಲ್ಲಿ. ನಾನು ಕಂಡಂತೆ ಇಂಟರ್ನೆಟ್ ಕೈಕೊಟ್ಟು ಹಾಳಾದ ಥೆರಪಿಗಿಂತ, ಬಾಗಿಲ ಆಚೆ ಯಾರೋ ನಿಂತು ಕೇಳಿಸಿಕೊಂಡು ಹಾಳಾದ ಥೆರಪಿಯೇ ಹೆಚ್ಚು. ಈ ಮಾರ್ಗದರ್ಶಿಯಲ್ಲಿ ಆ ಬಾಗಿಲಿನ ವಿಷಯಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಒಂದು ಗೊಂದಲ ಬಗೆಹರಿಸೋಣ. ‘ಆನ್‌ಲೈನ್ ಥೆರಪಿ’ ಎಂಬ ಹೆಸರಿನಲ್ಲಿ ನಾಲ್ಕು ಬೇರೆ ಬೇರೆ ವಿಷಯಗಳು ಸಿಗುತ್ತವೆ. ಒಬ್ಬ ತರಬೇತಿ ಪಡೆದ ಥೆರಪಿಸ್ಟ್ ಜೊತೆ ವಿಡಿಯೊ ಅಥವಾ ಫೋನಿನಲ್ಲಿ ನಿಗದಿತ ಸಮಯಕ್ಕೆ ಮಾತನಾಡುವುದು ಒಂದು. ಸಂದೇಶ ಬರೆದು ಉತ್ತರ ಪಡೆಯುವುದು ಎರಡನೆಯದು. ಪಾಠಗಳಂತೆ ಜೋಡಿಸಿದ ಕಾರ್ಯಕ್ರಮವನ್ನು ಹುಡುಗರೇ ಓದಿ, ಅಭ್ಯಾಸ ಮಾಡಿ, ವಾರಕ್ಕೊಮ್ಮೆ ಒಬ್ಬ ಮಾರ್ಗದರ್ಶಕರಿಗೆ ವರದಿ ಕೊಡುವುದು ಮೂರನೆಯದು. ಯಾರ ಸಹಾಯವೂ ಇಲ್ಲದೆ ಆ್ಯಪ್ ಒಂದನ್ನೇ ಬಳಸುವುದು ನಾಲ್ಕನೆಯದು. ಕೊನೆಯದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ನ್ಯೂಜಿಲೆಂಡ್‌ನಲ್ಲಿ ರೂಪಿಸಿದ ‘ಸ್ಪಾರ್ಕ್ಸ್’ ಎಂಬ ಕಂಪ್ಯೂಟರ್ ಆಟವನ್ನು 12ರಿಂದ 19 ವಯಸ್ಸಿನ 187 ಮಂದಿಯ ಮೇಲೆ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸೌಮ್ಯ ಮತ್ತು ಮಧ್ಯಮ ಖಿನ್ನತೆಗೆ ಅದು ಮಾಮೂಲಿ ಆಪ್ತಸಮಾಲೋಚನೆಗಿಂತ ಕಡಿಮೆಯಿಲ್ಲ ಎಂದು ಕಂಡುಬಂತು. ಆದರೆ ಹೇಳುವವರು ಕೇಳುವವರು ಇಲ್ಲದ ಕಾರ್ಯಕ್ರಮವನ್ನು ಹೆಚ್ಚಿನವರು ಅರ್ಧಕ್ಕೇ ಬಿಡುತ್ತಾರೆ. ಏನೂ ಮಾಡಲು ಮನಸ್ಸಿಲ್ಲದಿರುವುದೇ ಖಿನ್ನತೆಯ ಲಕ್ಷಣವಾಗಿರುವಾಗ ಇದು ಆಶ್ಚರ್ಯದ ಮಾತೇನಲ್ಲ. ಹಾಗೆಯೇ, ಮನುಷ್ಯರಂತೆ ಉತ್ತರಿಸುವ ಚಾಟ್‌ಬಾಟ್‌ಗಳು ಎಷ್ಟೇ ಹಿತವಾಗಿ ಮಾತನಾಡಿದರೂ ಅಪಾಯ ಬಂದಾಗ ಎದ್ದು ಬರುವವರು ಆ ಕಡೆ ಯಾರೂ ಇರುವುದಿಲ್ಲ. ಇನ್ನು ಮುಂದೆ ನಾನು ಬರೆಯುವುದು ಮುಖ್ಯವಾಗಿ ಮೊದಲ ಬಗೆಯ ಬಗ್ಗೆ.

1. ಇದು ಖಿನ್ನತೆಯೇ ಎಂದು ನೋಡಿ

ವೈದ್ಯರು ಒಂಬತ್ತು ಲಕ್ಷಣಗಳನ್ನು ನೋಡುತ್ತಾರೆ: ಕುಗ್ಗಿದ ಮನಸ್ಸು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಹಸಿವು ಅಥವಾ ತೂಕದಲ್ಲಿ ಏರುಪೇರು, ನಿದ್ದೆಗೇಡು ಅಥವಾ ಅತಿನಿದ್ದೆ, ಮೈಯೆಲ್ಲ ನಿಧಾನವಾಗುವುದು ಅಥವಾ ಚಡಪಡಿಕೆ, ಸುಸ್ತು, ತಾನು ಪ್ರಯೋಜನವಿಲ್ಲದವನು ಎಂಬ ಭಾವನೆ ಅಥವಾ ವಿನಾಕಾರಣ ಅಪರಾಧಿ ಭಾವ, ಗಮನ ನಿಲ್ಲದಿರುವುದು, ಸಾವಿನ ಯೋಚನೆ. ಇವುಗಳಲ್ಲಿ ಐದಾದರೂ ಎರಡು ವಾರಗಳ ಕಾಲ ಹೆಚ್ಚುಕಡಿಮೆ ದಿನವೂ ಇರಬೇಕು. ಮೊದಲ ಎರಡರಲ್ಲಿ ಒಂದು ಇರಲೇಬೇಕು. ಓದು, ಗೆಳೆತನ, ಮನೆಯ ಬದುಕು ಇವುಗಳಿಗೆ ಪೆಟ್ಟು ಬಿದ್ದಿರಬೇಕು.

ಮನೆಯವರು ಎಡವುವುದು ಇಲ್ಲೇ. ಹದಿಹರೆಯದಲ್ಲಿ ಕುಗ್ಗಿದ ಮನಸ್ಸಿನ ಬದಲಿಗೆ ಸಿಡುಕು ಕಾಣಿಸಬಹುದು, ರೋಗನಿರ್ಣಯದಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ. ಕಣ್ಣೀರು ಹಾಕುವ ಹುಡುಗಿಯನ್ನು ಎಲ್ಲರೂ ಗಮನಿಸುತ್ತಾರೆ. ಮಾತು ಮಾತಿಗೂ ಎಗರಿ ಬೀಳುವ ಹುಡುಗನಿಗೆ ‘ಸೊಕ್ಕು’ ಎಂಬ ಹಣೆಪಟ್ಟಿ ಸಿಗುತ್ತದೆ. ಮುಂಚೆ ಹೀಗಿದ್ದನೇ ಎಂದು ಕೇಳಿಕೊಳ್ಳಿ. ಸ್ವಭಾವವೇ ಹಾಗಿರುವುದು ಬೇರೆ, ಕೆಲವು ವಾರಗಳಿಂದ ಬದಲಾಗಿರುವುದು ಬೇರೆ.

‘ಪಿಎಚ್‌ಕ್ಯೂ-9’ ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಉಚಿತವಾಗಿ ಸಿಗುತ್ತದೆ. ಹದಿಹರೆಯದವರಿಗಾಗಿ ಅದರದೇ ಬೇರೆ ರೂಪವೂ ಇದೆ. ಒಟ್ಟು ಅಂಕ 0ರಿಂದ 27. 10 ಅಥವಾ ಹೆಚ್ಚು ಬಂದರೆ ತಜ್ಞರನ್ನು ಕಾಣಲು ತಡ ಮಾಡಬೇಡಿ. ಒಂಬತ್ತನೆಯ ಪ್ರಶ್ನೆ ಸಾವು ಮತ್ತು ಸ್ವಹಾನಿಯ ಬಗ್ಗೆ. ಒಟ್ಟು ಅಂಕ ಎಷ್ಟೇ ಕಡಿಮೆ ಇದ್ದರೂ ಆ ಒಂದು ಉತ್ತರ ಸೊನ್ನೆ ಅಲ್ಲದಿದ್ದರೆ ಅದನ್ನು ಬೇರೆಯಾಗಿಯೇ ಗಂಭೀರವಾಗಿ ತೆಗೆದುಕೊಳ್ಳಿ. ಪಟ್ಟಿ ಸೂಚನೆ ಕೊಡುತ್ತದೆ ಅಷ್ಟೆ, ರೋಗನಿರ್ಣಯ ಮಾಡುವುದಿಲ್ಲ. ಥೈರಾಯ್ಡ್ ತೊಂದರೆ ಮತ್ತು ರಕ್ತಹೀನತೆ ಕೂಡ ಖಿನ್ನತೆಯಂತೆಯೇ ಕಾಣಿಸಬಹುದಾದ್ದರಿಂದ ಒಮ್ಮೆ ಸಾಮಾನ್ಯ ವೈದ್ಯರಿಂದ ದೇಹದ ತಪಾಸಣೆ ಮಾಡಿಸುವುದು ಒಳ್ಳೆಯದು.

2. ಆನ್‌ಲೈನ್ ಯಾವಾಗ ಸಾಲದು ಎಂಬುದನ್ನು ಮೊದಲೇ ತಿಳಿಯಿರಿ

ಈ ಸಂದರ್ಭಗಳಲ್ಲಿ ಪರದೆಯನ್ನು ನೆಚ್ಚಿಕೊಳ್ಳದೆ ನೇರವಾಗಿ ವೈದ್ಯರ ಬಳಿಗೆ ಹೋಗಿ: ಸಾಯುವ ಯೋಚನೆಗೆ ಯೋಜನೆಯೂ ಸೇರಿಕೊಂಡಿದ್ದರೆ, ಇತ್ತೀಚೆಗೆ ಪ್ರಯತ್ನ ನಡೆದಿದ್ದರೆ, ಇಲ್ಲದ ದನಿ ಕೇಳಿಸುತ್ತಿದ್ದರೆ, ದಿನಗಟ್ಟಲೆ ನಿದ್ದೆಯೇ ಬೇಡವೆಂಬಂತೆ ಉನ್ಮಾದದ ಹುರುಪು ಬಂದಿದ್ದರೆ, ತಿನ್ನುವುದನ್ನೇ ಬಿಟ್ಟು ತೂಕ ಇಳಿಯುತ್ತಿದ್ದರೆ. ಮನೆಯೊಳಗೇ ಹಿಂಸೆ ನಡೆಯುತ್ತಿದ್ದರೆ ಮನೆಯಿಂದ ಮಾಡುವ ಥೆರಪಿಗೆ ಅರ್ಥವೇ ಇಲ್ಲ: ಹೊಡೆಯುವವನು ಪಕ್ಕದ ಕೋಣೆಯಲ್ಲಿರುತ್ತಾನೆ. ಅಂಥ ಕಡೆ ಶಾಲೆಯಲ್ಲೋ ನಂಬಿಕಸ್ಥ ಬಂಧುವಿನ ಮನೆಯಲ್ಲೋ ಜಾಗ ಹುಡುಕಬೇಕು.

‘ಸಾಯುವ ಯೋಚನೆ ಬರುತ್ತಿದೆಯೇ ಎಂದು ಕೇಳಿದರೆ ಇಲ್ಲದ್ದನ್ನು ತಲೆಯಲ್ಲಿ ತುಂಬಿದಂತಾಗುವುದಿಲ್ಲವೇ’ ಎಂಬ ಹೆದರಿಕೆ ಬಹಳ ಜನರಿಗಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಹೈಸ್ಕೂಲುಗಳ ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಲ್ಲಿ ಇದನ್ನೇ ಪರೀಕ್ಷಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು: ಆ ಪ್ರಶ್ನೆ ಎದುರಿಸಿದವರಲ್ಲಿ ಸಂಕಟವಾಗಲಿ ಅಂಥ ಯೋಚನೆಯಾಗಲಿ ಹೆಚ್ಚಾಗಲಿಲ್ಲ. ಆದ್ದರಿಂದ ನೇರವಾಗಿ, ಮೆಲುದನಿಯಲ್ಲಿ, ಉಪದೇಶ ಬೆರೆಸದೆ ಕೇಳಿ. ಹೌದು ಎಂಬ ಉತ್ತರ ಬಂದರೆ ಬೆಚ್ಚಿಬೀಳಬೇಡಿ, ‘ನಿನಗೇನು ಕಡಿಮೆ ಮಾಡಿದ್ದೇವೆ’ ಎಂದು ಅಳಬೇಡಿ. ಒಬ್ಬಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಮಾತ್ರೆ, ವಿಷಕಾರಿ ವಸ್ತು, ಹರಿತವಾದ ಸಾಮಾನುಗಳನ್ನು ಬೀಗ ಹಾಕಿಡಿ. ಆಮೇಲೆ ತುರ್ತು ಸಹಾಯಕ್ಕೆ ಕರೆ ಮಾಡಿ.

3. ಒಪ್ಪಿಗೆ ಪಡೆಯಿರಿ, ಆದರೆ ಗೋಗರೆಯಬೇಡಿ

ಗುಟ್ಟಾಗಿ ಸಮಯ ಗೊತ್ತುಮಾಡಿ ‘ಈಗ ಕರೆ ಬರುತ್ತದೆ, ಮಾತನಾಡು’ ಎಂದರೆ ಅಲ್ಲಿಗೆ ಮುಗಿಯಿತು. ಬೈದು ಕೂರಿಸಿದರೂ ಅಷ್ಟೆ. ‘ನಿನಗೆ ಏನೋ ಆಗಿದೆ’ ಎನ್ನುವ ಬದಲು ಕಂಡದ್ದನ್ನು ಹೇಳಿ: ‘ಹಿಂದೆ ಸಂಜೆ ಗೆಳತಿಯರ ಜೊತೆ ಹೋಗುತ್ತಿದ್ದೆ, ಈಗ ಹೋಗುವುದಿಲ್ಲ, ರಾತ್ರಿ ಮೂರಕ್ಕೂ ನಿನ್ನ ಕೋಣೆಯ ದೀಪ ಉರಿಯುತ್ತಿರುತ್ತದೆ. ನೋಡಿ ಸಂಕಟವಾಗುತ್ತದೆ.’ ಆಮೇಲೆ ಸಣ್ಣ ಒಪ್ಪಂದ ಸಾಕು. ಮೂರು ಬಾರಿ ಮಾತನಾಡಿ ನೋಡು, ಹಿಡಿಸದಿದ್ದರೆ ಬೇರೆಯವರನ್ನು ಹುಡುಕೋಣ. ಥೆರಪಿಸ್ಟ್ ಗಂಡಸೋ ಹೆಂಗಸೋ, ವಿಡಿಯೊವೋ ಬರೀ ಧ್ವನಿಯೋ, ಯಾವ ಭಾಷೆ, ಯಾವ ಹೊತ್ತು, ಇವನ್ನೆಲ್ಲ ಅವರೇ ಆರಿಸಲಿ. ಅಳು ಬರುವಾಗ ಬಾಯಿಗೆ ಬರುವ ಭಾಷೆಯಲ್ಲೇ ಥೆರಪಿ ನಡೆದರೆ ಉತ್ತಮ.

4. ಥೆರಪಿಸ್ಟ್ ಆರಿಸುವಾಗ ಕೇಳಬೇಕಾದದ್ದು

ಜಾಲತಾಣದಲ್ಲಿರುವ ನಗುಮುಖದ ಚಿತ್ರ, ಐದು ನಕ್ಷತ್ರಗಳ ಅಂಕ ಇವನ್ನು ಬದಿಗಿಡಿ. ಮೊದಲ ಕರೆಯಲ್ಲೇ ಇವನ್ನು ಕೇಳಿ: ಓದಿದ್ದೇನು, ನೋಂದಣಿ ಎಲ್ಲಿ, ಆ ನೋಂದಣಿ ನಿಮ್ಮ ಮಗ ಅಥವಾ ಮಗಳು ಕುಳಿತಿರುವ ಊರಿಗೆ ಅನ್ವಯಿಸುತ್ತದೆಯೇ? ಹಲವು ದೇಶಗಳಲ್ಲಿ ಪರವಾನಗಿಯನ್ನು ಚಿಕಿತ್ಸೆ ಪಡೆಯುವವರು ಇರುವ ಜಾಗದ ಮೇಲೆ ನೋಡುತ್ತಾರೆ. ಹದಿಹರೆಯದವರ ಜೊತೆ ಕೆಲಸ ಮಾಡಿದ ಅನುಭವ ಎಷ್ಟು? ದೊಡ್ಡವರ ಜೊತೆ ಮಾತ್ರ ಕೆಲಸ ಮಾಡಿದವರು ಹದಿನಾಲ್ಕರ ಹುಡುಗನ ಮೌನದ ಮುಂದೆ ಕಂಗಾಲಾಗುವುದುಂಟು.

ಯಾವ ಪದ್ಧತಿ ಬಳಸುತ್ತೀರಿ ಎಂದೂ ಕೇಳಿ. ಹದಿಹರೆಯದ ಖಿನ್ನತೆಗೆ ಎರಡು ಪದ್ಧತಿಗಳ ಹಿಂದೆ ಹೆಚ್ಚು ಸಾಕ್ಷ್ಯವಿದೆ. ಒಂದು ‘ಸಿಬಿಟಿ’: ಯೋಚನೆ, ಭಾವನೆ, ನಡವಳಿಕೆ ಮೂರೂ ಒಂದನ್ನೊಂದು ಹೇಗೆ ಎಳೆಯುತ್ತವೆ ಎಂದು ಗುರುತಿಸಿ ಬದಲಿಸುವ ಚಿಕಿತ್ಸೆ, 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಇದಕ್ಕೆ ರೂಪ ಕೊಟ್ಟರು. ಇನ್ನೊಂದು ‘ಐಪಿಟಿ’: ಜಗಳ, ಅಗಲಿಕೆ, ಹೊಸ ಜಾಗಕ್ಕೆ ಹೊಂದಿಕೊಳ್ಳುವ ಕಷ್ಟ, ಇಂಥ ಸಂಬಂಧದ ಗಂಟುಗಳನ್ನು ಹಿಡಿದು ಸಾಗುವ ಚಿಕಿತ್ಸೆ. ‘ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಳಸುತ್ತೇನೆ’ ಎಂದವರನ್ನು ಇನ್ನೊಂದು ಪ್ರಶ್ನೆ ಕೇಳದೆ ಬಿಡಬೇಡಿ.

ತುರ್ತಿನಲ್ಲಿ ಏನು ಮಾಡುತ್ತೀರಿ ಎಂಬುದಕ್ಕೆ ಸಿದ್ಧ ಉತ್ತರ ಇರಲೇಬೇಕು. ಜವಾಬ್ದಾರಿಯುತ ಥೆರಪಿಸ್ಟ್ ಪ್ರತಿ ಭೇಟಿಯ ಆರಂಭದಲ್ಲಿ ‘ಈಗ ಎಲ್ಲಿದ್ದೀಯ’ ಎಂದು ವಿಳಾಸ ಖಚಿತಪಡಿಸಿಕೊಳ್ಳುತ್ತಾರೆ, ಮನೆಯ ಒಬ್ಬ ದೊಡ್ಡವರ ಫೋನ್ ಸಂಖ್ಯೆ ಪಡೆದಿರುತ್ತಾರೆ. ‘ಸುರಕ್ಷತಾ ಯೋಜನೆ’ಯನ್ನೂ ಬರೆಸುತ್ತಾರೆ. ಮನಸ್ಸು ಕೆಡುತ್ತಿದೆ ಎಂದು ತಿಳಿಸುವ ಸೂಚನೆಗಳು, ಆಗ ತಾನೇ ಮಾಡಬಹುದಾದದ್ದು, ಯಾರ ಜೊತೆ ಕುಳಿತರೆ ಹಗುರವಾಗುತ್ತದೆ, ಯಾರಿಗೆ ಕರೆ ಮಾಡಬೇಕು ಎಂಬ ಒಂದು ಪುಟದ ಬರಹ ಅದು. ಮೊಬೈಲಿನಲ್ಲಿ ಒಂದು ಪ್ರತಿ, ಕಾಗದದ ಮೇಲೆ ಒಂದು ಪ್ರತಿ ಇರಲಿ.

ಕಂಪನಿಯ ಮೂಲಕ ಹೋಗುವವರು ಖಾಸಗಿತನದ ನಿಯಮ ಓದಿ. ಅಮೆರಿಕದಲ್ಲಿ 2023ರಲ್ಲಿ ಒಂದು ದೊಡ್ಡ ಆನ್‌ಲೈನ್ ಥೆರಪಿ ಕಂಪನಿ ತನ್ನ ಗ್ರಾಹಕರ ಮಾಹಿತಿಯನ್ನು ಜಾಹೀರಾತಿಗಾಗಿ ಸಾಮಾಜಿಕ ಜಾಲತಾಣಗಳಿಗೆ ಕೊಟ್ಟ ಆರೋಪದ ಮೇಲೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್‌ಗೆ 78 ಲಕ್ಷ ಡಾಲರ್ ಕೊಡಲು ಒಪ್ಪಬೇಕಾಯಿತು. ‘ನಾವು ನಿಮ್ಮ ಖಾಸಗಿತನವನ್ನು ಗೌರವಿಸುತ್ತೇವೆ’ ಎಂಬ ಸಾಲು ಎಲ್ಲರ ಪುಟದಲ್ಲೂ ಇರುತ್ತದೆ. ‘ಪಾಲುದಾರರು’ ಎಂಬ ಪದ ಎಲ್ಲೆಲ್ಲಿ ಬರುತ್ತದೆ ಎಂದು ಹುಡುಕಿ ನೋಡಿ.

5. ಗುಟ್ಟಿನ ಗಡಿಯನ್ನು ಮೂವರೂ ಕುಳಿತು ಗುರುತಿಸಿ

ಮೊದಲ ಭೇಟಿಯ ಹತ್ತು ಹದಿನೈದು ನಿಮಿಷ ಥೆರಪಿಸ್ಟ್, ನೀವು, ನಿಮ್ಮ ಮಗ ಅಥವಾ ಮಗಳು ಜೊತೆಯಲ್ಲಿರಬೇಕು. ಅಲ್ಲಿ ತೀರ್ಮಾನವಾಗಬೇಕಾದದ್ದು: ಒಳಗೆ ಆಡಿದ ಮಾತು ಒಳಗೇ ಉಳಿಯುತ್ತದೆ; ಪ್ರಾಣಕ್ಕೆ ಅಪಾಯ, ದೌರ್ಜನ್ಯ, ಬೇರೆಯವರಿಗೆ ಹಾನಿಯ ಸಾಧ್ಯತೆ ಇದ್ದಾಗ ಮಾತ್ರ ಹೊರಗೆ ಬರುತ್ತದೆ; ಹಾಗೆ ಹೊರಗೆ ಹೇಳಬೇಕಾದಾಗಲೂ ಸಾಧ್ಯವಾದಷ್ಟು ಮಟ್ಟಿಗೆ ಮೊದಲು ಹುಡುಗನಿಗೇ ತಿಳಿಸಲಾಗುತ್ತದೆ. ಯಾವ ವಯಸ್ಸಿನಿಂದ ಪೋಷಕರ ಸಹಿ ಬೇಕಿಲ್ಲ ಎಂಬುದು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ, ಅದನ್ನೂ ಇಲ್ಲೇ ಕೇಳಿಕೊಳ್ಳಿ.

ಹಣ ಕೊಡುವವರು ನಾವು, ನಮಗೇ ಹೇಳುವುದಿಲ್ಲವೇ ಎಂದು ಕೆಲವು ಅಪ್ಪಂದಿರು ಸಿಟ್ಟಾಗುತ್ತಾರೆ. ಸಿಟ್ಟು ಅರ್ಥವಾಗುತ್ತದೆ. ಆದರೆ ನಿಮಗೆ ವರದಿಯಾಗುವ ಮಾತುಗಳನ್ನು ನಿಮ್ಮ ಮಗ ಅಲ್ಲಿ ಆಡುವುದಿಲ್ಲ. ಆಡದ ಮಾತಿಗೆ ನೀವು ಹಣ ಕೊಟ್ಟಂತಾಗುತ್ತದೆ. ಬದಲಿಗೆ ನಾಲ್ಕಾರು ವಾರಕ್ಕೊಮ್ಮೆ ಎಲ್ಲರೂ ಸೇರುವ ಸಣ್ಣ ಸಭೆ ಗೊತ್ತುಮಾಡಿಕೊಳ್ಳಿ. ಹೇಗೆ ಸಾಗುತ್ತಿದೆ, ಮನೆಯಲ್ಲಿ ಏನು ಬದಲಾಗಬೇಕು ಎಂಬ ಮಟ್ಟದ ಮಾತು ಅಲ್ಲಿ ಸಾಕು.

6. ಕೋಣೆ ಮತ್ತು ಮೊಬೈಲ್

ಒಂದು ಪರೀಕ್ಷೆ ಮಾಡಿ. ನೀವು ಒಳಗೆ ಕುಳಿತು ಮಾಮೂಲಿ ದನಿಯಲ್ಲಿ ಮಾತನಾಡಿ, ಮಗಳು ಹೊರಗೆ ನಿಂತು ಕೇಳಿಸಿಕೊಳ್ಳಲಿ. ಆಮೇಲೆ ಜಾಗ ಬದಲಿಸಿಕೊಳ್ಳಿ. ಎಷ್ಟು ಕೇಳಿಸುತ್ತದೆ ಎಂದು ಅವಳಿಗೇ ಗೊತ್ತಾಗುವುದು ಮುಖ್ಯ. ‘ಯಾರಿಗೂ ಕೇಳಿಸುವುದಿಲ್ಲ ಬಿಡು’ ಎಂಬ ನಿಮ್ಮ ಭರವಸೆಯನ್ನು ಅವಳು ನಂಬಬೇಕಾಗಿಲ್ಲ. ಕೇಳಿಸುತ್ತಿದ್ದರೆ ಬಾಗಿಲ ಹೊರಗೆ ಫ್ಯಾನ್ ಹಾಕಿ ಅಥವಾ ರೇಡಿಯೊ ಹಚ್ಚಿ, ಬಾಗಿಲ ಕೆಳಗಿನ ಸಂದಿಗೆ ಬಟ್ಟೆ ಒತ್ತಿ. ಇಯರ್‌ಫೋನ್ ಹಾಕಿಕೊಂಡರೆ ಥೆರಪಿಸ್ಟ್‌ನ ಮಾತು ಹೊರಗೆ ಹೋಗುವುದಿಲ್ಲ, ಆದರೆ ಹಾಕಿಕೊಂಡವರು ತಮಗೆ ಅರಿವಿಲ್ಲದೆ ದನಿ ಏರಿಸುತ್ತಾರೆ, ಅದು ನೆನಪಿರಲಿ. ಆ ಒಂದು ಗಂಟೆ ಅವಳ ತಮ್ಮಂದಿರನ್ನು, ತಂಗಿಯರನ್ನು ಆಚೆ ಕರೆದುಕೊಂಡು ಹೋಗಿ. ಮನೆಯಲ್ಲಿ ಬೇರೆ ಕೋಣೆಯೇ ಇಲ್ಲದಿದ್ದರೆ ನಿಂತಿರುವ ಕಾರು, ಖಾಲಿ ತಾರಸಿ, ಶಾಲೆಯ ಆಪ್ತಸಮಾಲೋಚಕರ ಕೊಠಡಿ ಯಾವುದಾದರೂ ಆದೀತು. ಮಾತಿಗೆ ಜಾಗ ಎಲ್ಲೂ ಇಲ್ಲದವರಿಗೆ ಬರೆದು ಉತ್ತರ ಪಡೆಯುವ ಥೆರಪಿ ಉಪಯೋಗಕ್ಕೆ ಬರುತ್ತದೆ.

ಬಾಗಿಲು ಮುಚ್ಚಿದರೂ ಮಾತು ಸೋರುವ ಇನ್ನೊಂದು ದಾರಿ ಮೊಬೈಲ್. ಮನೆಯವರೆಲ್ಲ ಒಂದೇ ಖಾತೆ ಬಳಸುತ್ತಿದ್ದರೆ ‘ನಾಳೆ ಸಂಜೆ 5ಕ್ಕೆ ನಿಮ್ಮ ಥೆರಪಿ’ ಎಂಬ ನೆನಪೋಲೆ ತಮ್ಮನ ಟ್ಯಾಬ್‌ನಲ್ಲೂ, ಎಲ್ಲರೂ ಕುಳಿತ ಹಾಲ್‌ನ ಟಿವಿಯಲ್ಲೂ ಮೂಡುತ್ತದೆ. ಬೇರೆ ಇಮೇಲ್, ಬೇರೆ ಪಾಸ್‌ವರ್ಡ್ ಮಾಡಿಕೊಡಿ. ಬೀಗ ಹಾಕಿದ ಪರದೆಯ ಮೇಲೆ ಸಂದೇಶ ಕಾಣದಂತೆ ಮಾಡಿ. ಪೋಷಕರ ನಿಗಾ ಆ್ಯಪ್ ಹಾಕಿದ್ದರೆ ಅದು ಸಂದೇಶಗಳನ್ನು ನಿಮಗೆ ತೋರಿಸುತ್ತದೆಯೇ ನೋಡಿ, ತೋರಿಸುತ್ತಿದ್ದರೆ ಈ ಒಂದಕ್ಕೆ ವಿನಾಯಿತಿ ಕೊಟ್ಟು ಅದನ್ನು ಮಗಳಿಗೆ ತೋರಿಸಿ.

ಕ್ಯಾಮೆರಾ ಕಣ್ಣಿನ ಮಟ್ಟಕ್ಕಿರಲಿ, ಚಾರ್ಜ್ ತುಂಬಿರಲಿ. ತನ್ನ ಮುಖ ತನಗೇ ಕಾಣುವುದನ್ನು ಆಫ್ ಮಾಡಬಹುದು. ತನ್ನನ್ನು ತಾನು ನೋಡಲಾರದ ಸ್ಥಿತಿಯಲ್ಲಿರುವವರಿಗೆ ಅಷ್ಟರಿಂದಲೇ ಎಷ್ಟೋ ಹಗುರವಾಗುತ್ತದೆ. ಕರೆ ಕಡಿದರೆ ಯಾರು ಯಾರಿಗೆ ಮತ್ತೆ ಕರೆ ಮಾಡಬೇಕು ಎಂದು ಮೊದಲೇ ಗೊತ್ತಿರಲಿ. ಅಳುವಾಗ ಕಡಿದು ಹೋದ ಕರೆಯನ್ನು ಹುಡುಗರು ‘ನನ್ನನ್ನು ಬಿಟ್ಟು ಹೋದರು’ ಎಂದು ಓದಿಕೊಳ್ಳುತ್ತಾರೆ.

7. ಮೊದಲ ಭೇಟಿಗಳಲ್ಲಿ ನಡೆಯುವುದು

ಒಂದು ಭೇಟಿ ಸಾಮಾನ್ಯವಾಗಿ 45–50 ನಿಮಿಷ, ವಾರಕ್ಕೊಮ್ಮೆ. ಆರಂಭದಲ್ಲಿ ‘ಗೊತ್ತಿಲ್ಲ’, ‘ಪರವಾಗಿಲ್ಲ’ ಎಂಬ ಉತ್ತರಗಳೇ ಹೆಚ್ಚು. ಕ್ಯಾಮೆರಾ ಚಾವಣಿ ನೋಡುತ್ತಿರುತ್ತದೆ, ಹುಡುಗ ನೆಲದ ಮೇಲೆ ಗೋಡೆಗೆ ಒರಗಿ ಕುಳಿತಿರುತ್ತಾನೆ, ಚಾಟ್ ಪೆಟ್ಟಿಗೆಯಲ್ಲಿ ಒಂದು ಸಾಲು ಬರೆದು ಅಳಿಸುತ್ತಾನೆ. ಅನುಭವಿ ಥೆರಪಿಸ್ಟ್ ಅದನ್ನೂ ಮಾತು ಎಂದೇ ತಿಳಿಯುತ್ತಾರೆ.

ಕೆಲವು ವಾರಗಳಲ್ಲಿ, ಭೇಟಿಗಳ ನಡುವೆ ಮಾಡಿ ಬರಬೇಕಾದ ಅಭ್ಯಾಸಗಳು ಶುರುವಾಗುತ್ತವೆ. ಹೆಚ್ಚಾಗಿ ಮೊದಲು ಬರುವುದು ‘ವರ್ತನಾ ಚಾಲನೆ’. ಮನಸ್ಸು ಬಂದಾಗ ಮಾಡುತ್ತೇನೆ ಎಂದು ಕಾಯದೆ, ಮಾಡುತ್ತಾ ಹೋದರೆ ಮನಸ್ಸು ಹಿಂದೆ ಬರುತ್ತದೆ ಎಂಬ ತತ್ವ ಇದು. ಕೆಲಸಗಳು ನಿಮಗೆ ನಗು ಬರುವಷ್ಟು ಸಣ್ಣವಿರುತ್ತವೆ: ಬುಧವಾರ ಸಂಜೆ ಹತ್ತು ನಿಮಿಷ ನಡೆಯುವುದು, ಹಳೆಯ ಗೆಳೆಯನಿಗೆ ಒಂದು ಸಂದೇಶ. ನಗಬೇಡಿ. ‘ಇಷ್ಟೇನಾ?’ ಎಂಬ ಒಂದು ಮಾತು ಆ ವಾರದ ಕೆಲಸವನ್ನು ಮುಗಿಸಿಬಿಡುತ್ತದೆ.

8. ಬಾಗಿಲು ತೆರೆದ ಮೇಲೆ

ಎದುರುಬದುರಿನ ಥೆರಪಿಯಲ್ಲಿ ಮನೆಗೆ ಬರುವ ದಾರಿ ಇರುತ್ತದೆ. ಕಣ್ಣು ಒರೆಸಿಕೊಳ್ಳಲು, ಕಿಟಕಿಯ ಆಚೆ ನೋಡಲು ಆ ದಾರಿ ಸಮಯ ಕೊಡುತ್ತದೆ. ಆನ್‌ಲೈನ್‌ನಲ್ಲಿ ಕೆಂಪು ಗುಂಡಿ ಒತ್ತಿದ ಮರುಕ್ಷಣ ಹುಡುಗಿ ಮನೆಯ ನಡುವೆ ಇರುತ್ತಾಳೆ, ಬಾಗಿಲು ತೆರೆದರೆ ಅಮ್ಮ ನಿಂತಿರುತ್ತಾಳೆ: ‘ಏನು ಹೇಳಿದರು? ನನ್ನ ಬಗ್ಗೆ ಏನಾದರೂ ಹೇಳಿದೆಯಾ?’ ಈ ಪ್ರಶ್ನೆ ಬೇಡ. ಅಳುತ್ತಾ ಬಂದರೂ ಬೇಡ. ಕಷ್ಟದ ವಿಷಯ ತೆಗೆದ ದಿನ ಹೆಚ್ಚು ಬಳಲಿದಂತೆ ಕಾಣುವುದು ಸಹಜ. ಭೇಟಿಯ ನಂತರ ಅರ್ಧ ಗಂಟೆ ಯಾವ ಕೆಲಸವನ್ನೂ, ಯಾವ ಪಾಠವನ್ನೂ, ಯಾವ ನೆಂಟರನ್ನೂ ಇಡಬೇಡಿ. ಅವಳಾಗಿಯೇ ಹೇಳಿದರೆ ಕೇಳಿಸಿಕೊಳ್ಳಿ, ಪರಿಹಾರ ಹೇಳಬೇಡಿ. ಜಗಳವಾದಾಗ ‘ಹೋಗಿ ನಿನ್ನ ಥೆರಪಿಸ್ಟ್‌ಗೆ ಹೇಳು’ ಎಂಬ ಚುಚ್ಚುಮಾತು ಎಂದಿಗೂ ಬಾಯಿಗೆ ಬರಬಾರದು. ಅಪರಾಧಕ್ಕೆ ಶಿಕ್ಷೆಯೆಂದು ಮೊಬೈಲ್ ಕಿತ್ತುಕೊಳ್ಳುವವರು ಥೆರಪಿಯ ಹೊತ್ತಿಗೆ ಅದನ್ನು ತಪ್ಪದೆ ಹಿಂತಿರುಗಿಸಬೇಕು.

9. ಪ್ರಯೋಜನವಾಗುತ್ತಿದೆಯೇ ಎಂದು ಅಳೆಯಿರಿ

ಮೊದಲ ದಿನ ತುಂಬಿದ ಪಿಎಚ್‌ಕ್ಯೂ-9 ಪಟ್ಟಿಯನ್ನು ಎರಡು ವಾರಕ್ಕೊಮ್ಮೆ ಮತ್ತೆ ತುಂಬಿಸಲು ಥೆರಪಿಸ್ಟ್‌ಗೆ ಹೇಳಿ. ಆರಂಭದ ಅಂಕ ಅರ್ಧಕ್ಕೆ ಇಳಿದರೆ ಚಿಕಿತ್ಸೆ ಹಿಡಿದಿದೆ ಎಂದು ಲೆಕ್ಕ. ಮನೆಯವರಿಗೆ ಮೊದಲು ಕಾಣುವ ಬದಲಾವಣೆ ಸಂತೋಷವಾಗಿರಬೇಕಿಲ್ಲ. ಸ್ನಾನ ಸಮಯಕ್ಕಾಗುತ್ತದೆ, ಯಾರದೋ ಮಾತಿಗೆ ಉತ್ತರ ಬರುತ್ತದೆ.

ಆರೆಂಟು ವಾರ ಕಳೆದರೂ ಅಂಕ ಕದಲದಿದ್ದರೆ, ಅಥವಾ ಖಿನ್ನತೆ ಮೊದಲಿನಿಂದಲೂ ತೀವ್ರವಾಗಿದ್ದರೆ, ಮನೋವೈದ್ಯರನ್ನು ಕಾಣಿ. ಮಾತಿನ ಚಿಕಿತ್ಸೆ ನಡೆಸುವ ಥೆರಪಿಸ್ಟ್‌ಗಳಲ್ಲಿ ಹೆಚ್ಚಿನವರು ಔಷಧಿ ಬರೆಯುವಂತಿಲ್ಲ, ಮನೋವೈದ್ಯರು ಬರೆಯಬಲ್ಲರು. ಅಮೆರಿಕದಲ್ಲಿ 12ರಿಂದ 17 ವಯಸ್ಸಿನ 439 ಮಂದಿಯ ಮೇಲೆ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 12 ವಾರಗಳ ಕೊನೆಗೆ ಫ್ಲುಆಕ್ಸೆಟಿನ್ ಔಷಧಿ ಮತ್ತು ಸಿಬಿಟಿ ಎರಡನ್ನೂ ಪಡೆದವರಲ್ಲಿ ಶೇ 71ರಷ್ಟು ಮಂದಿ ಚೆನ್ನಾಗಿ ಸುಧಾರಿಸಿದ್ದರು. ಔಷಧಿ ಮಾತ್ರ ಪಡೆದವರಲ್ಲಿ ಶೇ 61, ಸಿಬಿಟಿ ಮಾತ್ರ ಪಡೆದವರಲ್ಲಿ ಶೇ 43, ಔಷಧಿಯಿಲ್ಲದ ಹುಸಿ ಗುಳಿಗೆ ಪಡೆದವರಲ್ಲಿ ಶೇ 35. ಔಷಧಿ ಎಂದರೆ ಸೋಲು ಎಂದುಕೊಳ್ಳುವವರು ಈ ಅಂಕಿಗಳನ್ನು ಇನ್ನೊಮ್ಮೆ ಓದಲಿ.

ಔಷಧಿ ಶುರುವಾದರೆ ಎರಡು ಎಚ್ಚರಿಕೆ. ಚಿಕ್ಕ ವಯಸ್ಸಿನ ಕೆಲವರಲ್ಲಿ ಆರಂಭದ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಈ ಎಚ್ಚರಿಕೆಯನ್ನು ಪೊಟ್ಟಣದ ಮಾಹಿತಿಯಲ್ಲಿ ಚೌಕಟ್ಟು ಹಾಕಿ ಮುದ್ರಿಸಲು ಆದೇಶಿಸಿತು. ಹೊಸ ಚಡಪಡಿಕೆ, ನಿದ್ದೆಯಿಲ್ಲದ ಹುರುಪು ಕಂಡರೆ ಅಂದೇ ವೈದ್ಯರಿಗೆ ತಿಳಿಸಿ. ಎರಡನೆಯದು, ಚೆನ್ನಾಗಿದ್ದಾನೆ ಎಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ; ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ.

10. ಥೆರಪಿಸ್ಟ್ ಬದಲಿಸುವುದು, ಚಿಕಿತ್ಸೆ ಮುಗಿಸುವುದು

ಮೂರು ನಾಲ್ಕು ಭೇಟಿಗಳಾದ ಮೇಲೂ ‘ಅವರಿಗೆ ನಾನು ಅರ್ಥವಾಗುವುದಿಲ್ಲ’ ಎಂದರೆ ಬದಲಿಸಿ. ಥೆರಪಿಸ್ಟ್ ಮೇಲಿನ ನಂಬಿಕೆ ಪದ್ಧತಿಯಷ್ಟೇ ಕೆಲಸ ಮಾಡುತ್ತದೆ. ಸಂದೇಶ ಕೊಡದೆ ಮಾಯವಾಗುವುದು ಆನ್‌ಲೈನ್‌ನಲ್ಲಿ ಬಹಳ ಸುಲಭ, ಹಾಗೆ ಮಾಡಲು ಬಿಡಬೇಡಿ. ಕೊನೆಯ ಒಂದು ಭೇಟಿ ಮಾಡಿ, ಯಾಕೆ ಹೊಂದಲಿಲ್ಲ ಎಂದು ಹೇಳಿ ಬರಲಿ. ಅದನ್ನು ಕೇಳಿದ ಥೆರಪಿಸ್ಟ್ ತಮಗಿಂತ ಸರಿಹೊಂದುವವರನ್ನು ತಾವೇ ಸೂಚಿಸುವುದುಂಟು.

ಚಿಕಿತ್ಸೆ ಹಿಡಿದಿದ್ದರೆ ಸಿಬಿಟಿ ಸಾಮಾನ್ಯವಾಗಿ 12ರಿಂದ 16 ಭೇಟಿಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ಲವಲವಿಕೆ ಕಂಡ ಕೂಡಲೇ ನಿಲ್ಲಿಸಬೇಡಿ. ವಾರಕ್ಕೊಮ್ಮೆ ಇದ್ದದ್ದನ್ನು ಎರಡು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಮಾಡಿ. ಖಿನ್ನತೆ ಮರುಕಳಿಸುವ ಕಾಯಿಲೆ. ಪರೀಕ್ಷೆಯ ದಿನಗಳು, ಶಾಲೆ ಬದಲಾಗುವ ಹೊತ್ತು, ಸ್ನೇಹ ಮುರಿದ ಸಮಯ ಇವು ಕಷ್ಟದ ಕಾಲ. ಕೊನೆಯ ಭೇಟಿಯಲ್ಲಿ ಸುರಕ್ಷತಾ ಯೋಜನೆಯ ಪುಟವನ್ನು ತೆರೆದು ಹೊಸದಾಗಿ ತಿದ್ದಿಸಿ, ಮರುಕಳಿಸಿದರೆ ನೇರವಾಗಿ ಯಾರಿಗೆ ಸಂದೇಶ ಕಳಿಸಬೇಕು, ಎಷ್ಟು ದಿನದೊಳಗೆ ಸಮಯ ಸಿಗುತ್ತದೆ ಎಂಬುದನ್ನು ನಿಮ್ಮ ಮಗ ಅಥವಾ ಮಗಳ ಕೈಯಿಂದಲೇ ಅದೇ ಪುಟದಲ್ಲಿ ಬರೆಸಿ.